ಟಿಕೆಟ್ ಒಂದೆಡೆ, ಕೋಡ್ ಇನ್ನೊಂದೆಡೆ

ಪ್ರಶ್ನೆ: ಆಸ್ಪತ್ರೆಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡುವ ಒಂಬತ್ತು ಜನರ ತಂಡ ನಮ್ಮದು. ಕೋಡ್ ಮತ್ತು ಟಿಕೆಟ್ (ತಿದ್ದಬೇಕಾದ ದೋಷ, ಮಾಡಬೇಕಾದ ಕೆಲಸದ ದಾಖಲೆ) ಎರಡೂ ಗಿಟ್‌ಹಬ್ ತಾಣದಲ್ಲಿಯೇ ಇದ್ದರೂ, ಯಾವ ಟಿಕೆಟ್‌ಗಾಗಿ ಯಾವ ಸಾಲು ಬದಲಾಯಿತೆಂದು ಹುಡುಕಲು ಹೊರಟರೆ ಅರ್ಧ ದಿನ ಹೋಗುತ್ತದೆ. ಪ್ರತಿ ಕಮಿಟ್‌ನ (ದಾಖಲಿಸಿದ ಕೋಡ್ ಬದಲಾವಣೆಯ) ಸಂದೇಶದಲ್ಲೂ ಟಿಕೆಟ್ ಸಂಖ್ಯೆ ಇರಬೇಕೆಂದು ನಿಯಮ ಮಾಡಿದೆವು. ಕೆಲವರು ಬರೆಯುವುದಿಲ್ಲ, ಬರೆದೆವೆಂದು ಆಣೆ ಮಾಡುವವರ ಸಂಖ್ಯೆಯೂ ಒಮ್ಮೊಮ್ಮೆ ಕಾಣಿಸುವುದಿಲ್ಲ. ಇದು ಸಾಲದೆಂಬಂತೆ, ಟೆಸ್ಟರ್ ನೋಡುವ ಮೊದಲೇ ಟಿಕೆಟ್‌ಗಳು ತಾವಾಗಿಯೇ ಮುಚ್ಚಿಹೋಗುತ್ತಿವೆ. ಏನು ಮಾಡಬೇಕು?
– ಓದುಗರು, ಮೈಸೂರು

ಉತ್ತರ: ಆಣೆ ಮಾಡುವವರನ್ನು ಮೊದಲು ನಂಬಿ, ಅವರು ಸುಳ್ಳು ಹೇಳುತ್ತಿರಲಾರರು. ಕಮಿಟ್ ಸಂದೇಶವನ್ನು ಎಡಿಟರ್ ತೆರೆದು ಬರೆಯುವಾಗ, ಹ್ಯಾಶ್ ಗುರುತಿನಿಂದ ಆರಂಭವಾಗುವ ಪ್ರತಿ ಸಾಲನ್ನೂ, ಕೋಡ್‌ನ ಚರಿತ್ರೆ ಕಾಯುವ ಗಿಟ್ ಎಂಬ ತಂತ್ರಾಂಶ ಟಿಪ್ಪಣಿಯೆಂದು ತಿಳಿದು ಅಳಿಸಿಬಿಡುತ್ತದೆ. ‘#218 ರಿಯಾಯಿತಿ ತಿದ್ದುಪಡಿ’ ಎಂದು ಮೊದಲ ಸಾಲಿನಲ್ಲಿ ಬರೆದವರ ಸಂಖ್ಯೆಯಷ್ಟೇ ಅಲ್ಲ, ಆ ಇಡೀ ಸಾಲೇ ಹೋಗುತ್ತದೆ. ಅದೇ ಸಂದೇಶವನ್ನು ಆದೇಶದ ಸಾಲಿನಲ್ಲಿಯೇ ಕೊಟ್ಟರೆ ಉಳಿಯುತ್ತದೆ. ನಿಮ್ಮ ‘ಒಮ್ಮೊಮ್ಮೆ’ಯ ಗುಟ್ಟು ಇದೇ ಇರಬೇಕು. ಟಿಪ್ಪಣಿಯ ಗುರುತನ್ನೇ ಬದಲಿಸುವ ಸೆಟ್ಟಿಂಗ್ ಗಿಟ್‌ನಲ್ಲಿ ಇದೆಯಾದರೂ ಅದನ್ನು ಪ್ರತಿಯೊಬ್ಬರ ಯಂತ್ರದಲ್ಲೂ ಮಾಡಬೇಕಾಗುತ್ತದೆ. ಸಂಖ್ಯೆಯನ್ನು ಸಾಲಿನ ಕೊನೆಗೆ ಬರೆಯುವುದು ಅದಕ್ಕಿಂತ ಸುಲಭ.

ಬರೆಯಲು ಮರೆಯುವವರ ವಿಷಯದಲ್ಲಿ ನಿಯಮ, ಗದರಿಕೆ ಯಾವುದೂ ಹೆಚ್ಚು ದಿನ ನಡೆಯುವುದಿಲ್ಲ. ಸಂಖ್ಯೆಯನ್ನು ಮನುಷ್ಯರು ಒಂದೇ ಒಂದು ಬಾರಿ, ಅಂದರೆ ಬ್ರಾಂಚ್‌ಗೆ (ಕೋಡ್‌ನ ಪ್ರತ್ಯೇಕ ಕವಲಿಗೆ) ಹೆಸರಿಡುವಾಗ ಬರೆಯಲಿ. ಅಲ್ಲಿಂದ ಅದನ್ನು ಎತ್ತಿ ಪ್ರತಿ ಕಮಿಟ್ ಸಂದೇಶಕ್ಕೆ ಸೇರಿಸುವ ಕೆಲಸವನ್ನು ಗಿಟ್‌ನ ಹುಕ್ ಎಂಬ ಪುಟ್ಟ ಸ್ಕ್ರಿಪ್ಟ್‌ಗೆ ಬಿಡಿ. ಹುಕ್‌ಗಳು ಕ್ಲೋನ್ ಮಾಡಿದಾಗ (ಕೋಡ್‌ನ ಪೂರ್ಣ ಪ್ರತಿಯನ್ನು ನಮ್ಮ ಯಂತ್ರಕ್ಕೆ ಇಳಿಸಿಕೊಂಡಾಗ) ಜೊತೆಗೆ ಬರುವುದಿಲ್ಲವೆಂಬುದನ್ನು ಹಲವರು ಗಮನಿಸಿರುವುದಿಲ್ಲ. ಅವನ್ನು ರಿಪೊಸಿಟರಿಯ (ಕೋಡ್ ಭಂಡಾರದ) ಒಂದು ಫೋಲ್ಡರ್‌ನಲ್ಲಿಟ್ಟು, ಆ ಫೋಲ್ಡರ್ ಎಲ್ಲಿದೆಯೆಂದು ಗಿಟ್‌ಗೆ ತಿಳಿಸುವ ಸೌಲಭ್ಯ 2016ರ 2.9ನೇ ಆವೃತ್ತಿಯಿಂದ ಇದೆ. ಹೊಸದಾಗಿ ಸೇರಿದವರು ಒಂದು ಆದೇಶ ಕೊಟ್ಟರೆ ಸಾಕು. ಇಷ್ಟಾದರೂ ತಪ್ಪಿಸಿಕೊಳ್ಳಲು ದಾರಿಗಳಿರುವುದರಿಂದ ಕೊನೆಯ ತಪಾಸಣೆ ಸರ್ವರ್‌ನಲ್ಲಿಯೇ ನಡೆಯಬೇಕು: ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಯಲ್ಲಿ) ಟಿಕೆಟ್ ಸಂಖ್ಯೆ ಇಲ್ಲದಿದ್ದರೆ ಮರ್ಜ್ (ಸೇರಿಸುವ) ಗುಂಡಿ ತೆರೆದುಕೊಳ್ಳಬಾರದು.

ಇನ್ನು ಟಿಕೆಟ್ ತಾನಾಗಿಯೇ ಮುಚ್ಚುವ ಮಾತು. ಸಂದೇಶದಲ್ಲಿ ‘ಫಿಕ್ಸಸ್’, ‘ಕ್ಲೋಸಸ್’, ‘ರಿಸಾಲ್ವ್ಸ್’ ಎಂಬ ಇಂಗ್ಲಿಷ್ ಪದಗಳ ಪಕ್ಕದಲ್ಲಿ ಟಿಕೆಟ್ ಸಂಖ್ಯೆ ಇದ್ದರೆ, ಆ ಬದಲಾವಣೆ ಮುಖ್ಯ ಬ್ರಾಂಚ್‌ಗೆ ಸೇರಿದ ಕೂಡಲೇ ಗಿಟ್‌ಹಬ್ ಆ ಟಿಕೆಟನ್ನು ಮುಚ್ಚುತ್ತದೆ. ಅದು ಪದವನ್ನು ನೋಡುತ್ತದೆಯೇ ಹೊರತು ಅರ್ಥವನ್ನಲ್ಲ. ‘ಇದು 218ನ್ನು ಫಿಕ್ಸ್ ಮಾಡುವುದಿಲ್ಲ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಬರೆದರೂ ಟಿಕೆಟ್ ಮುಚ್ಚಬಹುದು. ಒಬ್ಬರೇ ನಡೆಸುವ ಯೋಜನೆಗೆ ಇದು ಅನುಕೂಲವಿರಬಹುದು. ಟೆಸ್ಟರ್ ಇರುವ ತಂಡಕ್ಕೆ ಬೇಡವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಕೋಡ್ ಸೇರಿತು ಎಂಬುದು ಒಂದು ಸಂಗತಿ, ರೋಗಿಯ ಬಿಲ್ಲು ಸರಿಯಾಯಿತು ಎಂಬುದು ಇನ್ನೊಂದು. ಎರಡನೆಯದನ್ನು ಹೇಳುವ ಅಧಿಕಾರ ಬರೆದವನಿಗಿಲ್ಲ. ಆ ಪದಗಳನ್ನು ಬಿಟ್ಟು ಬರಿಯ ಸಂಖ್ಯೆ ಬರೆದರೂ ಕೊಂಡಿ ಏರ್ಪಡುತ್ತದೆ, ಟಿಕೆಟ್ ಮಾತ್ರ ತೆರೆದೇ ಇರುತ್ತದೆ. ಪುಲ್ ರಿಕ್ವೆಸ್ಟ್ ಮರ್ಜ್ ಆದಾಗ ಅದಕ್ಕೆ ಜೋಡಿಸಿದ ಟಿಕೆಟ್‌ಗಳು ಮುಚ್ಚದಂತೆ ಮಾಡುವ ಸೆಟ್ಟಿಂಗ್ ರಿಪೊಸಿಟರಿಯಲ್ಲಿಯೇ ಇದೆ, ಅದನ್ನೂ ಬದಲಿಸಿಕೊಳ್ಳಿ.

ಸಂಖ್ಯೆ ಬಂದರೂ ನಿಮ್ಮ ಅರ್ಧ ದಿನ ಉಳಿಯುವುದು ಪಕ್ಕದಲ್ಲಿ ಬರೆದ ಮಾತಿನಿಂದ. ‘ತಿದ್ದುಪಡಿ #218’ ಎಂಬುದನ್ನು ಎರಡು ವರ್ಷದ ಮೇಲೆ ಓದಿದವರು ಮತ್ತೆ ಟಿಕೆಟ್ ತೆರೆಯಬೇಕು, ಅಲ್ಲಿನ ನಲವತ್ತು ಮಾತುಕತೆಗಳನ್ನು ಜಾಲಾಡಬೇಕು. ‘ವಿಮೆ ಇರುವ ರೋಗಿಗೆ ರಿಯಾಯಿತಿ ಎರಡು ಸಲ ಕಳೆಯುತ್ತಿತ್ತು, ತೆರಿಗೆಗೆ ಮೊದಲು ಒಮ್ಮೆ ಮಾತ್ರ ಕಳೆಯುವಂತೆ ಮಾಡಿದೆ, ಟಿಕೆಟ್ #218’ ಎಂದಿದ್ದರೆ ಟಿಕೆಟ್ ತೆರೆಯುವ ಅಗತ್ಯವೇ ಬಾರದು. ಕೋಡ್‌ನ ಚರಿತ್ರೆ ಪ್ರತಿಯೊಬ್ಬರ ಕ್ಲೋನ್‌ನಲ್ಲೂ ಇರುತ್ತದೆ, ಟಿಕೆಟ್ ಇರುವುದು ಸರ್ವರ್‌ನಲ್ಲಿ ಮಾತ್ರ. ನಾಳೆ ಆ ಸೇವೆಯನ್ನು ಬದಲಿಸಿದರೆ ಸಂಖ್ಯೆಗಳೂ ಬದಲಾಗಬಹುದು.

ಪೈಥಾನ್ ಭಾಷೆಯ ತಂಡ ಈ ಕಷ್ಟವನ್ನು ಕಂಡಿದೆ. ಅದರ ಕೋಡ್ 2017ರಲ್ಲಿ ಗಿಟ್‌ಹಬ್‌ಗೆ ಬಂತು, ಟಿಕೆಟ್‌ಗಳು 2022ರವರೆಗೆ ತಮ್ಮದೇ ಹಳೆಯ ತಾಣದಲ್ಲಿ ಉಳಿದವು. ಗಿಟ್‌ಹಬ್‌ನ ಸಂಖ್ಯೆಗಳೊಂದಿಗೆ ಬೆರೆಯದಂತೆ ಹಳೆಯ ತಾಣದ ಸಂಖ್ಯೆಗೆ ‘ಬಿಪಿಒ’ (ಬಗ್ಸ್ ಡಾಟ್ ಪೈಥಾನ್ ಡಾಟ್ ಆರ್ಗ್ ಎಂಬ ಆ ತಾಣದ ಹೆಸರಿನ ಹ್ರಸ್ವರೂಪ) ಎಂಬ ಮುಂಗುರುತು ಹಾಕುತ್ತಿದ್ದರು; ಟಿಕೆಟ್‌ಗಳು ಸ್ಥಳಾಂತರಗೊಂಡ ಮೇಲೆ ‘ಜಿಎಚ್’ (ಗಿಟ್‌ಹಬ್) ಎಂದು ಬರೆಯತೊಡಗಿದರು. ಇದರಿಂದಾಗಿ ಯಾವ ಸಂಖ್ಯೆ ಎಲ್ಲಿಯದೆಂದು ಇಂದಿಗೂ ಗೊತ್ತಾಗುತ್ತದೆ. ಅಂದ ಹಾಗೆ, ಗಿಟ್‌ಹಬ್‌ನಲ್ಲಿ ಟಿಕೆಟ್‌ಗೂ ಪುಲ್ ರಿಕ್ವೆಸ್ಟ್‌ಗೂ ಒಂದೇ ಸರಣಿಯ ಸಂಖ್ಯೆ. ಸ್ಕ್ವಾಷ್ ಮಾಡಿ (ಹಲವು ಕಮಿಟ್‌ಗಳನ್ನು ಒಂದಾಗಿಸಿ) ಮರ್ಜ್ ಮಾಡಿದಾಗ ಶೀರ್ಷಿಕೆಯ ಕೊನೆಗೆ ತಾನಾಗಿ ಬಂದು ಕೂರುವುದು ಪುಲ್ ರಿಕ್ವೆಸ್ಟ್‌ನ ಸಂಖ್ಯೆ. ಅದನ್ನೇ ಟಿಕೆಟ್ ಸಂಖ್ಯೆಯೆಂದು ಓದಿ ಹಾದಿ ತಪ್ಪಬೇಡಿ.

ಪ್ರಶ್ನೆ: ಒಂದು ಅಕ್ಷರ ತಿದ್ದಲೂ ಟಿಕೆಟ್ ತೆರೆಯಬೇಕೆಂದು ನಮ್ಮ ಮುಖ್ಯಸ್ಥರು ಹೇಳುತ್ತಾರೆ. ಇದು ಸರಿಯೇ?
– ಓದುಗರು, ದಾವಣಗೆರೆ

ಉತ್ತರ: ಸರಿಯಲ್ಲ. ಹಾಗೆ ಒತ್ತಾಯಿಸಿದರೆ ಯಾರಾದರೊಬ್ಬರು ‘ಇತರೆ ಕೆಲಸಗಳು’ ಎಂಬ ಟಿಕೆಟ್ ತೆರೆಯುತ್ತಾರೆ, ವರ್ಷಾಂತ್ಯದ ಹೊತ್ತಿಗೆ ತಂಡದ ಅರ್ಧ ಕಮಿಟ್‌ಗಳು ಅದರ ಹೆಸರಿನಲ್ಲಿರುತ್ತವೆ. ಪೈಥಾನ್ ತಂಡದಲ್ಲಿ ಸಣ್ಣ ತಿದ್ದುಪಡಿಗಳಿಗೆ ಟಿಕೆಟ್ ಬೇಕಿಲ್ಲವೆಂದು ಸೂಚಿಸುವ ಒಂದು ಲೇಬಲ್ ಇದೆ. ನಿಮ್ಮಲ್ಲೂ ಅಂಥದೊಂದು ಇರಲಿ. ಆದರೆ ಅದನ್ನು ಅಂಟಿಸುವವರು ಕೋಡ್ ಪರಿಶೀಲಿಸುವವರಾಗಿರಲಿ, ಬರೆದವರಲ್ಲ.