ಮೊದಲು ಬಾನೆಟ್ ಎತ್ತಿ ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ

ಪ್ರಶ್ನೆ: ಇತ್ತೀಚೆಗೆ ಒಂದು ಹಳೆಯ ಪೆಟ್ರೋಲ್ ಕಾರು ತೆಗೆದುಕೊಂಡೆ. ಬಾನೆಟ್ ಎತ್ತಿದರೆ ಯಾವುದು ಏನು ಅಂತಲೇ ಗೊತ್ತಾಗುವುದಿಲ್ಲ. ಸಣ್ಣಪುಟ್ಟ ಕೆಲಸವನ್ನಾದರೂ ನಾನೇ ಮಾಡಿಕೊಳ್ಳುವ ಆಸೆ. ಆಯಿಲ್ ಬದಲಾಯಿಸುವುದರಿಂದ ಶುರು ಮಾಡು ಅಂತ ಗೆಳೆಯ ಹೇಳುತ್ತಾನೆ. ಮಾಡಬಹುದಾ? ಯಾವುದಕ್ಕೆ ಕೈ ಹಾಕಬಾರದು?

ಉತ್ತರ: ಖಂಡಿತ ಕಲಿಯಬಹುದು. ಆದರೆ ಆಯಿಲ್ ಬದಲಾಯಿಸುವ ಕೆಲಸ ಸ್ವಲ್ಪ ದಿನ ಇರಲಿ. ಅದಕ್ಕೆ ಸಾಮಾನ್ಯವಾಗಿ ಕಾರಿನ ಕೆಳಗೆ ಹೋಗಬೇಕು. ಕಾರಿನ ಕೆಳಗೆ ಹೋಗುವುದು ಮೊದಲ ಪಾಠ ಆಗಬಾರದು. ಸದ್ಯಕ್ಕೆ ಏನನ್ನೂ ಬಿಚ್ಚಬೇಡಿ. ನಿಮ್ಮ ಕಾರು ಚೆನ್ನಾಗಿರುವಾಗ ಹೇಗಿರುತ್ತದೆ ಅನ್ನುವುದು ಕಣ್ಣಿಗೆ ರೂಢಿಯಾಗಲಿ. ಅದು ಗೊತ್ತಿಲ್ಲದಿದ್ದರೆ ಕೆಟ್ಟಾಗ ಏನು ಬದಲಾಗಿದೆ ಅಂತ ಹೇಗೆ ತಿಳಿಯುತ್ತದೆ?

ಡಿಪ್‌ಸ್ಟಿಕ್‌ನಿಂದ, ಅಂದರೆ ಎಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿಯಿಂದ ಶುರು ಮಾಡಿ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ 5–10 ನಿಮಿಷ ಬಿಡಿ. ಮೇಲಿರುವ ಆಯಿಲ್ ಕೆಳಗಿಳಿಯಬೇಕಲ್ಲ, ಅದಕ್ಕೆ. ಕಡ್ಡಿಯನ್ನು ಎಳೆದು ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಒಳಗೆ ತಳ್ಳಿ ಹೊರತೆಗೆಯಿರಿ. ಈ ಎರಡನೇ ಸಲ ಕಾಣುವುದೇ ಸರಿಯಾದ ಮಟ್ಟ. ಅದು ಎರಡು ಗುರುತುಗಳ ನಡುವೆ ಇದ್ದರೆ ಸಾಕು. ಜಾಸ್ತಿ ಇದ್ದರೆ ಒಳ್ಳೆಯದು ಅಂತ ಮೇಲಿನ ಗುರುತು ದಾಟಿ ಹಾಕಬೇಡಿ. ಎಂಜಿನ್ ಒಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್‌ಗೆ ಆಯಿಲ್ ಬಡಿದು ನೊರೆಯಾಗುತ್ತದೆ, ನೊರೆಯಾದ ಆಯಿಲ್ ಎಂಜಿನ್ನನ್ನು ಕಾಪಾಡುವುದಿಲ್ಲ.

ಆಯಿಲ್ ಕಪ್ಪಾಗಿದೆ ಅಂದ ಮಾತ್ರಕ್ಕೆ ಕೆಟ್ಟಿದೆ ಅಂತಲ್ಲ. ಒಳಗಿನ ಕೊಳೆಯನ್ನು ಹಿಡಿದುಕೊಳ್ಳುವುದೂ ಅದರ ಕೆಲಸವೇ. ಆದರೆ ಕೆನೆಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರೋ ಕೂಲೆಂಟೋ (ಎಂಜಿನ್ನನ್ನು ತಣ್ಣಗಿಡುವ ದ್ರವ) ಸೇರಿರಬಹುದು. ಆಗ ಕಾರು ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ.

ಕೂಲೆಂಟ್ ಮಟ್ಟವನ್ನು ಎಂಜಿನ್ ತಣ್ಣಗಿರುವಾಗ ಮಾತ್ರ ನೋಡಿ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಒಳಗೆ ಒತ್ತಡ ಇರುತ್ತದೆ. ತೆರೆದ ಕೂಡಲೇ ಕುದಿಯುವ ಕೂಲೆಂಟ್ ಮುಖಕ್ಕೆ ಚಿಮ್ಮುತ್ತದೆ.

ಟೈರಿನ ಗಾಳಿಯನ್ನೂ ಕಾರು ಓಡಿಸುವ ಮೊದಲೇ ನೋಡಿ. ಎಷ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಚಾಲಕನ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿರುತ್ತದೆ. ಟೈರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಒತ್ತಡ, ನಿಮ್ಮ ಕಾರಿಗೆ ಬೇಕಾದದ್ದಲ್ಲ.

ಇಷ್ಟು ರೂಢಿಯಾದ ಮೇಲೆ ವೈಪರ್ ಬ್ಲೇಡ್, ಏರ್ ಫಿಲ್ಟರ್ ಬದಲಾಯಿಸಿ. ಹೊಸ ಫಿಲ್ಟರ್ ಹಾಕುವ ಮೊದಲು ಅದು ಕೂರುವ ಡಬ್ಬದೊಳಗಿನ ಎಲೆ, ಧೂಳು ತೆಗೆಯಿರಿ. ಬೋಲ್ಟ್ ಕೂರಿಸುವಾಗ ಮೊದಲ ಎರಡು ಮೂರು ಸುತ್ತು ಬೆರಳಲ್ಲೇ ತಿರುಗಿಸಿ. ಅಲ್ಲೇ ಬಿಗಿ ಅನಿಸಿದರೆ ಓರೆಯಾಗಿ ಕೂತಿದೆ ಅಂತ ಅರ್ಥ. ಸ್ಪ್ಯಾನರ್ ಹಾಕಿ ಒತ್ತಿದರೆ ಥ್ರೆಡ್, ಅಂದರೆ ಬೋಲ್ಟಿನ ಸುತ್ತುಗೆರೆ, ಹೋಗುತ್ತದೆ. ಹೊಸಬರು ಕಾರು ಹಾಳುಮಾಡುವುದು ಹೆಚ್ಚಾಗಿ ಇಂಥ ಅವಸರದಲ್ಲೇ. ಬ್ಯಾಟರಿ ಬಿಚ್ಚಬೇಕಾದರೆ ಮೊದಲು ನೆಗೆಟಿವ್ (–) ವೈರು ತೆಗೆಯಿರಿ, ಜೋಡಿಸುವಾಗ ಅದನ್ನು ಕೊನೆಗೆ ಹಾಕಿ.

ಕೈ ಹಾಕಬಾರದ್ದು ಅಂದರೆ ಬ್ರೇಕ್, ಏರ್‌ಬ್ಯಾಗ್, ಸ್ಟೀರಿಂಗ್ ಮತ್ತು ಇಂಧನದ ಪೈಪು. ಮುಂದೆ ಹೈಬ್ರಿಡ್ ಕಾರು ತೆಗೆದುಕೊಂಡರೆ ಅದರ ಕಿತ್ತಳೆ ಬಣ್ಣದ ದಪ್ಪ ವೈರುಗಳನ್ನು ಮುಟ್ಟಬೇಡಿ. ಅವುಗಳಲ್ಲಿ ಹರಿಯುವ ವಿದ್ಯುತ್ ಜೀವ ತೆಗೆಯಬಲ್ಲದು.

ಇನ್ನು ಜಾಕ್. ಕಾರಿನ ಜೊತೆ ಬರುವ ಜಾಕ್ ಚಕ್ರ ಬದಲಾಯಿಸಲಿಕ್ಕೆ ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ಒಂದು ಕ್ಷಣವೂ ಹೋಗಬೇಡಿ, ಕೈಯನ್ನೂ ತೂರಿಸಬೇಡಿ. ಮುಂದೆ ಆಯಿಲ್ ಬದಲಾಯಿಸುವ ದಿನ ಬಂದಾಗ ಗಟ್ಟಿ ನೆಲ, ಚಕ್ರಕ್ಕೆ ಅಡ್ಡಗಟ್ಟೆ, ಎತ್ತಿದ ಕಾರಿನ ತೂಕ ತಾಳುವ ಜಾಕ್ ಸ್ಟ್ಯಾಂಡ್ ಎಂಬ ಆಧಾರ, ಈ ಮೂರೂ ಇರಲೇಬೇಕು. ಮೊದಲ ಸಲ ಅನುಭವ ಇರುವವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಆಯಿಲ್ ಜೊತೆ ಆಯಿಲ್ ಫಿಲ್ಟರ್ ಬದಲಾಯಿಸುವಾಗ ಹಳೆಯದರ ರಬ್ಬರ್ ಎಂಜಿನ್‌ಗೇ ಅಂಟಿಕೊಂಡು ಉಳಿದಿದೆಯಾ ಅಂತ ನೋಡಿ. ಅದರ ಮೇಲೆಯೇ ಹೊಸದು ಕೂತರೆ ಆಯಿಲ್ ಸೋರುತ್ತದೆ. ತೆಗೆದ ಆಯಿಲನ್ನು ಚರಂಡಿಗೆ ಸುರಿಯದೆ, ಡಬ್ಬಕ್ಕೆ ತುಂಬಿ ಹಳೆ ಆಯಿಲ್ ತೆಗೆದುಕೊಳ್ಳುವ ಕಡೆ ಕೊಡಿ.