ವಿಯೆಟ್ನಾಂ ರೈತನ ಕೆಂಪು ಪಹಣಿ

ಪ್ರಶ್ನೆ: ನಾನು ಕೊಡಗಿನ ಸಣ್ಣ ಬೆಳೆಗಾರ. ರೊಬಸ್ಟಾ ಬೆಲೆ ಏರಿದರೂ ಇಳಿದರೂ ವಿಯೆಟ್ನಾಂ ಹೆಸರು ಕೇಳಿಬರುತ್ತದೆ. ಅಲ್ಲಿರುವುದು ಕಮ್ಯುನಿಸ್ಟ್ ಪಕ್ಷ ಒಂದೇ, ಭೂಮಿಯೂ ರೈತನದಲ್ಲ ಎನ್ನುತ್ತಾರೆ. ಹಾಗಿದ್ದರೆ ಆ ರೈತ ತನ್ನ ಲಾಭಕ್ಕಾಗಿ ಕಾಫಿ ಬೆಳೆದು ಮಾರುವುದು ಹೇಗೆ?

ಉತ್ತರ: ನೀವು ಕೇಳಿದ್ದು ನಿಜ. ಅಲ್ಲಿನ ಸಂವಿಧಾನದ ಪ್ರಕಾರ ಭೂಮಿ ಸಮಸ್ತ ಜನರ ಸ್ವತ್ತು. ಅದನ್ನು ನೋಡಿಕೊಳ್ಳುವುದು ಸರ್ಕಾರ. ಆದರೆ ರೈತನ ಬಳಿ ಕೆಂಪು ರಟ್ಟಿನ ಪುಸ್ತಕವೊಂದು ಇರುತ್ತದೆ. ಅದನ್ನು ನಮ್ಮ ಪಹಣಿಯಂತೆ ಎಂದುಕೊಳ್ಳಿ. ಅದು ಹೇಳುವುದು ಸಾಗುವಳಿಯ ಹಕ್ಕನ್ನು ಮಾತ್ರ, ಒಡೆತನವನ್ನಲ್ಲ. 1993ರ ಭೂ ಕಾನೂನಿನಂತೆ ಆ ಹಕ್ಕನ್ನು ಅವನು ಬೇರೆಯವರಿಗೆ ವರ್ಗಾಯಿಸಬಹುದು, ಅದಲುಬದಲು ಮಾಡಿಕೊಳ್ಳಬಹುದು, ಗೇಣಿಗೆ ಕೊಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು, ಅಡವಿಟ್ಟು ಸಾಲವನ್ನೂ ಪಡೆಯಬಹುದು. ಭತ್ತದ ಗದ್ದೆಗೆ 20 ವರ್ಷ, ಕಾಫಿಯಂಥ ಬಹುವಾರ್ಷಿಕ ಬೆಳೆಗೆ 50 ವರ್ಷ ಎಂದು ಆಗ ಅವಧಿ ನಿಗದಿಯಾಯಿತು.

ಇದೆಲ್ಲ 1986ರ ಡಿಸೆಂಬರ್‌ನಲ್ಲಿ ನಡೆದ ಪಕ್ಷದ ಆರನೆಯ ಮಹಾಧಿವೇಶನದ ಫಲ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ‘ದೊಯ್ ಮೊಯ್’, ಅಂದರೆ ನವೀಕರಣ, ಅಲ್ಲಿ ಘೋಷಣೆಯಾದ ನೀತಿ. ನನಗೆ ಈ ಕಥೆ ಅರ್ಧ ಮಾತ್ರ ನಿಜವೆನಿಸುತ್ತದೆ. ಉಳಿದರ್ಧಕ್ಕೆ ಇಪ್ಪತ್ತು ವರ್ಷ ಹಿಂದೆ ಹೋಗಬೇಕು.

1966. ಯುದ್ಧಕಾಲದ ಉತ್ತರ ವಿಯೆಟ್ನಾಂ. ಊರಿನ ಗದ್ದೆಯೆಲ್ಲ ಸಾಮೂಹಿಕ ಬೇಸಾಯದ ಸಂಘದ್ದು; ದುಡಿದವರಿಗೆ ಅಂಕ ಹಾಕಿ, ಸುಗ್ಗಿಯ ನಂತರ ಅಂಕಕ್ಕೆ ತಕ್ಕಷ್ಟು ಭತ್ತ ಅಳೆಯುತ್ತಿದ್ದರು. ಮೈಮುರಿದು ದುಡಿದವನಿಗೂ ಬದುವಿನ ಮೇಲೆ ಕೂತವನಿಗೂ ಅಂಕದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ವಿಂಞ್ ಫುಕ್ ಪ್ರಾಂತ್ಯದ ಪಕ್ಷದ ಕಾರ್ಯದರ್ಶಿ ಕಿಮ್ ಙೊಕ್ ಇದನ್ನು ನೋಡಿ, ಗದ್ದೆಯನ್ನು ಮನೆಮನೆಗೆ ಗುತ್ತಿಗೆ ಕೊಡಿಸಿದರು. ಗೊತ್ತಾದ ಪಾಲು ಸಂಘಕ್ಕೆ, ಮಿಕ್ಕದ್ದು ಮನೆಗೆ. ಇಳುವರಿ ಏರಿತು, ರಾಜಧಾನಿ ಹಾನೊಯಿ ಕೆಂಡವಾಯಿತು. 1968ರಲ್ಲಿ ಪಕ್ಷದ ಸಿದ್ಧಾಂತಿ ತ್ರುವಾಂಗ್ ಚಿಂಞ್ ಬಹಿರಂಗವಾಗಿ ಖಂಡಿಸಿದರು. ಕಿಮ್ ಙೊಕ್ ತಪ್ಪೊಪ್ಪಿಕೊಳ್ಳಬೇಕಾಯಿತು. 1979ರಲ್ಲಿ ಅವರು ತೀರಿಕೊಂಡರು.

ಆದರೆ ಗುತ್ತಿಗೆ ಸಾಯಲಿಲ್ಲ, ಕದ್ದುಮುಚ್ಚಿ ನಡೆಯಿತು. ಹೀಗೆ ನಿಯಮ ಮೀರುವುದಕ್ಕೆ ವಿಯೆಟ್ನಾಮಿನವರು ‘ಬೇಲಿ ಮುರಿಯುವುದು’ ಎನ್ನುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ನಮಗೆ ಗೊತ್ತು. ಅಲ್ಲಿ ಬೇಲಿ ಕಾಯಬೇಕಾದ ಸ್ಥಳೀಯ ಅಧಿಕಾರಿಗಳೇ ಹೊಲ ಉಳಿಯಲೆಂದು ಬೇಲಿ ಕಿತ್ತರು. 1981ರಲ್ಲಿ ಪಕ್ಷ ಗುತ್ತಿಗೆಗೆ ಅರೆಮನಸ್ಸಿನ ಒಪ್ಪಿಗೆ ಕೊಟ್ಟಿತು. 1986ರಲ್ಲಿ ಹಣದುಬ್ಬರ ಶೇ 700 ದಾಟಿತು. ಆ ವರ್ಷ ನಾಯಕ ಲೆ ಜುವಾನ್ ತೀರಿಕೊಂಡಾಗ ಕೆಲವು ತಿಂಗಳ ಮಟ್ಟಿಗೆ ಪಕ್ಷದ ಚುಕ್ಕಾಣಿ ಹಿಡಿದು, ಸುಧಾರಣೆಯ ದಾರಿ ತೆರೆದವರು ಯಾರು ಗೊತ್ತೇ? ಅದೇ ತ್ರುವಾಂಗ್ ಚಿಂಞ್. 1988ರಲ್ಲಿ ಪಕ್ಷದ ಹತ್ತನೆಯ ನಿರ್ಣಯ ಕುಟುಂಬವನ್ನೇ ಬೇಸಾಯದ ಘಟಕವೆಂದು ಒಪ್ಪಿತು. ಆ ವರ್ಷ ಉತ್ತರದಲ್ಲಿ ಜನ ಹಸಿದಿದ್ದರು, ಅಕ್ಕಿ ಹೊರಗಿನಿಂದ ಬರುತ್ತಿತ್ತು. ಮರುವರ್ಷ ಹತ್ತು ಲಕ್ಷ ಟನ್ನಿಗೂ ಹೆಚ್ಚು ಅಕ್ಕಿ ರಫ್ತಾಯಿತು.

ನಿಮ್ಮ ಕಾಫಿಗೆ ಬರುತ್ತೇನೆ. 1980ರ ದಶಕದಲ್ಲಿ ಗುಡ್ಡನಾಡಿನ ದಾಕ್ ಲಾಕ್ ಪ್ರಾಂತ್ಯದ ತೋಟಗಳಿಗೆ ಹಣ, ಯಂತ್ರ ಕೊಟ್ಟದ್ದು ಪೂರ್ವ ಜರ್ಮನಿ. ತನಗೆ ಅಗ್ಗದ ಕಾಫಿ ಸಿಗಲೆಂದು. ಗಿಡ ಫಸಲು ಕೊಡುವ ಹೊತ್ತಿಗೆ ಆ ದೇಶವೇ ಉಳಿಯಲಿಲ್ಲ. ಗುತ್ತಿಗೆ ಹಿಡಿದ ಕುಟುಂಬಗಳೂ ಬಯಲುಸೀಮೆಯಿಂದ ಗುಳೆ ಬಂದ ಲಕ್ಷಾಂತರ ಜನರೂ ಆ ಕೆಂಪುಮಣ್ಣಿನಲ್ಲಿ ರೊಬಸ್ಟಾ ತುಂಬಿದರು. ಇದರ ಬೆಲೆ ತೆತ್ತವರು ಅಲ್ಲಿನ ಮೂಲನಿವಾಸಿಗಳಾದ ಎಡೆ, ಜರಾಯ್ ಜನ. ನೆಲ ಕಳೆದುಕೊಂಡ ಅವರು 2001 ಮತ್ತು 2004ರಲ್ಲಿ ಬೀದಿಗಿಳಿದಾಗ ಸರ್ಕಾರ ಬಲದಿಂದ ಹತ್ತಿಕ್ಕಿತು. ಸಂತೆ ತೆರೆಯಿತು, ಬಾಯಿ ತೆರೆಯುವ ಹಾಗಿರಲಿಲ್ಲ.

ಒಂದು ತಮಾಷೆಯನ್ನೂ ಹೇಳಬೇಕು. ದಾಕ್ ಲಾಕ್‌ನ ರೈತ ವ್ಯಾಪಾರಿಯೊಡನೆ ಚೌಕಾಶಿ ಮಾಡುತ್ತಿದ್ದ ವರ್ಷಗಳಲ್ಲೇ, ಪ್ರಜಾಪ್ರಭುತ್ವದ ಕೊಡಗಿನ ಬೆಳೆಗಾರ ತನ್ನ ಕಾಫಿಯನ್ನು ಎಲ್ಲರ ಕಾಫಿಯನ್ನು ಒಟ್ಟುಗೂಡಿಸಿ ಮಾರುವ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಿ, ಕಂತಿನಲ್ಲಿ ಬರುವ ಹಣಕ್ಕೆ ಕಾಯುತ್ತಿದ್ದ. ನಿಮ್ಮ ಮನೆಯ ಹಿರಿಯರಿಗೆ ನೆನಪಿರುತ್ತದೆ. ಪೂರ್ತಿ ಮುಕ್ತ ಮಾರಾಟ ನಮ್ಮ ಎಲ್ಲ ಬೆಳೆಗಾರರಿಗೂ ಸಿಕ್ಕಿದ್ದು 1996ರಲ್ಲಿ.

ಪ್ರಶ್ನೆ: ಪಕ್ಷ ಮನಸ್ಸು ಮಾಡಿದರೆ ಕೊಟ್ಟದ್ದನ್ನು ಕಿತ್ತುಕೊಳ್ಳಬಹುದಲ್ಲವೇ?

ಉತ್ತರ: ಕಾನೂನಿನಲ್ಲಿ ದಾರಿಯಿದೆ. ರಸ್ತೆಗೆ, ಕಾರ್ಖಾನೆಗೆ, ಬಡಾವಣೆಗೆ ಎಂದು ಕಿತ್ತುಕೊಂಡದ್ದೂ ಉಂಟು. 2012ರಲ್ಲಿ ಹಾಯ್ ಫಾಂಗ್ ಬಳಿಯ ತಿಯೆನ್ ಲಾಂಗ್‌ನಲ್ಲಿ ಮೀನು ಸಾಕುವ ಕುಟುಂಬವೊಂದು ತೆರವಿಗೆ ಬಂದ ಪೊಲೀಸರನ್ನು ಬಂದೂಕು, ಕೈಯಾರೆ ಮಾಡಿದ ಸ್ಫೋಟಕಗಳಿಂದ ಎದುರಿಸಿತು. ಪ್ರಧಾನಿಯೇ ಆ ತೆರವು ಅಕ್ರಮವೆಂದರು. ಆದರೂ ಕುಟುಂಬದವರು ಜೈಲಿಗೆ ಹೋದರು. 2013ರಲ್ಲಿ ಭತ್ತದ ಗದ್ದೆಯ ಅವಧಿಯೂ 50 ವರ್ಷವಾಯಿತು. 20 ವರ್ಷದ ಗಡುವು ಮುಗಿಯುತ್ತಿದ್ದ ಹೊತ್ತಿನಲ್ಲಿ ಲಕ್ಷಾಂತರ ಕುಟುಂಬಗಳನ್ನು ಕೆಣಕುವ ಧೈರ್ಯ ಯಾರಿಗೂ ಇರಲಿಲ್ಲವೆಂದು ನನ್ನ ಊಹೆ.

2025ರ ಮೇ ತಿಂಗಳಲ್ಲಿ ಪಕ್ಷದ ಉನ್ನತ ಸಮಿತಿಯಾದ ಪಾಲಿಟ್‌ಬ್ಯೂರೊ ಖಾಸಗಿ ವಲಯವನ್ನು ದೇಶದ ಆರ್ಥಿಕತೆಯ ಅತಿ ಮುಖ್ಯ ಚಾಲಕ ಶಕ್ತಿಗಳಲ್ಲೊಂದು ಎಂದು ಕರೆದು ನಿರ್ಣಯ ಹೊರಡಿಸಿತು. ಅದರ ಸಂಖ್ಯೆ 68. ಕಿಮ್ ಙೊಕ್ ಅವರ ಪ್ರಾಂತ್ಯ ಸಮಿತಿ 1966ರಲ್ಲಿ ಹೊರಡಿಸಿ ಬೈಗುಳ ತಿಂದ ನಿರ್ಣಯದ ಸಂಖ್ಯೆಯೂ 68.