ಒಂದೇ ಟ್ಯೂನು, ಐದು ಗಿಟಾರು: ಓದುಗರು ಕೇಳಿದ್ದು, ನಾನು ಹೇಳಿದ್ದು

ಹೋದ ಸಂಚಿಕೆಯಲ್ಲಿ ನಮ್ಮ ಭಾನುವಾರದ ಕೂಟದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ದಾವಣಗೆರೆಯ ವಿದ್ಯಾನಗರದಲ್ಲಿ ಗೆಳೆಯರೊಬ್ಬರ ಮಾಳಿಗೆ ಮೇಲಿನ ರೂಮು, ಐದು ಜನ, ಐದು ಗಿಟಾರು. ಇದರಿಂದ ಹೊಟ್ಟೆ ಹೊರೆಯುವವರು ಯಾರೂ ಇಲ್ಲ. ತಿಂಗಳಿಗೊಂದು ಜಾಝ್ ಟ್ಯೂನು ಆರಿಸಿಕೊಳ್ಳುತ್ತೇವೆ, ಅವರವರ ಮನೆಯಲ್ಲಿ ನುಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರುತ್ತೇವೆ, ಕೊನೆಯ ಭಾನುವಾರ ಕೂತು ಒಬ್ಬೊಬ್ಬರದೇ ಕೇಳಿ ಜಗಳ ಆಡುತ್ತೇವೆ, ಆಮೇಲೆ ಬೆಣ್ಣೆ ದೋಸೆ. ಇಷ್ಟೇ. ಇದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಸರ್, ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಆರು ವರ್ಷದಿಂದ ಗಿಟಾರ್ ಇದೆ, ಸಿನಿಮಾ ಹಾಡು ಬರುತ್ತವೆ. ನಾವು ನಾಲ್ಕು ಜನ ಸೇರಿ ನಿಮ್ಮ ಹಾಗೆ ತಿಂಗಳಿಗೊಂದು ಟ್ಯೂನು ಮಾಡೋಣ ಅಂತಿದ್ದೇವೆ. ಮೊದಲು ಯಾವುದು ತಗೊಳ್ಳೋದು? ಜಾಝ್ ಕಾರ್ಡುಗಳ (ಒಟ್ಟಿಗೆ ಮೀಟುವ ಸ್ವರಗೊಂಚಲುಗಳ) ಹೆಸರು ನೋಡಿದರೇನೇ ಭಯ ಆಗುತ್ತದೆ. (ನಿಜಲಿಂಗಪ್ಪ ಬಡಾವಣೆ, ದಾವಣಗೆರೆ)

ಉತ್ತರ: ಆಟಮ್ ಲೀವ್ಸ್ ತಗೊಳ್ಳಿ. ಎಲ್ಲರೂ ಅದನ್ನೇ ಹೇಳುತ್ತಾರೆ, ಕೇಳಿ ಕೇಳಿ ಬೇಜಾರಾಗುವಷ್ಟು ಹೇಳುತ್ತಾರೆ, ಆದರೂ ಅದೇ ಸರಿ. 1945ರಲ್ಲಿ ಜೋಸೆಫ್ ಕೋಸ್ಮಾ ಮಾಡಿದ ಟ್ಯೂನು. ಹಂಗೇರಿಯಲ್ಲಿ ಹುಟ್ಟಿ ಫ್ರಾನ್ಸಿಗೆ ಬಂದವರು ಅವರು. ಅಂದರೆ ಮೂಲದಲ್ಲಿ ಅದು ಜಾಝೇ ಅಲ್ಲ, ಫ್ರೆಂಚ್ ಹಾಡು. ಆಮೇಲೆ ಜಾಝಿನವರು ಎತ್ತಿಕೊಂಡರು, ಇನ್ನೂ ಕೆಳಗಿಟ್ಟಿಲ್ಲ.

ಭಯದ ವಿಷಯಕ್ಕೆ ಬರೋಣ. ಜಿ ಮೈನರಿನಲ್ಲಿ, ಅಂದರೆ ಜಿ ಸ್ವರವನ್ನು ಮನೆ ಮಾಡಿಕೊಂಡ ಮೈನರ್ ಶ್ರೇಣಿಯಲ್ಲಿ, ಮೊದಲ 8 ಬಾರ್‌ಗೆ (ಒಂದು ಬಾರ್ ಅಂದರೆ ನಾಲ್ಕು ಎಣಿಕೆ) ಇರುವುದು ಏಳೇ ಕಾರ್ಡು. ಸಿ ಮೈನರ್ ಸೆವೆನ್, ಎಫ್ ಸೆವೆನ್, ಬಿ ಫ್ಲಾಟ್ ಮೇಜರ್ ಸೆವೆನ್, ಇ ಫ್ಲಾಟ್ ಮೇಜರ್ ಸೆವೆನ್, ಎ ಮೈನರ್ ಸೆವೆನ್ ಫ್ಲಾಟ್ ಫೈವ್, ಡಿ ಸೆವೆನ್, ಜಿ ಮೈನರ್. ಹೆಸರು ಉದ್ದ, ಕೆಲಸ ಗಿಡ್ಡ. ಸದ್ಯಕ್ಕೆ ಹೆಸರು ಮರೆತು ಬೆರಳು ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ನೋಡಿ. ಆರನೇ ತಂತಿ, ಅಂದರೆ ಎಲ್ಲಕ್ಕಿಂತ ದಪ್ಪದ್ದು, 8ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ). ಐದನೇ ತಂತಿ, ಅಲ್ಲೂ 8. ಮತ್ತೆ ಆರನೇ ತಂತಿ 6, ಐದನೇ ತಂತಿ 6. ಹಾಗೇ 5, 5. ಕೊನೆಗೆ ಆರನೇ ತಂತಿ 3ನೇ ಫ್ರೆಟ್, ಅಲ್ಲಿ ಎರಡು ಬಾರ್ ಕೂತುಬಿಡಿ. 8, 8, 6, 6, 5, 5, 3. ದುರ್ಗದ ಕೋಟೆಯಿಂದ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ.

ಆರೂ ತಂತಿ ಒತ್ತಬೇಡಿ. ಮೂರು ಸಾಕು. ಸಿ ಮೈನರ್ ಸೆವೆನ್‌ಗೆ ಆರನೇ, ನಾಲ್ಕನೇ, ಮೂರನೇ ತಂತಿ, ಮೂರೂ 8ನೇ ಫ್ರೆಟ್. ಅಲ್ಲಿಂದ ಎಫ್ ಸೆವೆನ್‌ಗೆ ಹೋಗುವಾಗ ಮೂರನೇ ತಂತಿಯ ಸ್ವರ ಕದಲುವುದೇ ಇಲ್ಲ, ನಾಲ್ಕನೆಯದು ಒಂದೇ ಫ್ರೆಟ್ ಹಿಂದಕ್ಕೆ 7ಕ್ಕೆ ಬರುತ್ತದೆ, ಕೆಳಗಿನ ಸ್ವರ ಮಾತ್ರ ಐದನೇ ತಂತಿಗೆ ದಾಟುತ್ತದೆ. ಇದನ್ನು ಮೊದಲ ಸಲ ಕಂಡುಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ, ನಿಜ ಹೇಳುತ್ತೇನೆ.

ದಾರಿ ತಪ್ಪುವುದು ಬೇರೆ ಕಡೆ. ಪೂರ್ತಿ ಟ್ಯೂನು 32 ಬಾರ್. ಮೊದಲ ಎಂಟು ಎರಡು ಸಲ ಬರುತ್ತದೆ, ಆಗ 16 ಆಯಿತು. ಮೊದಲ ಎಂಟರಲ್ಲಿ ಮೇಜರ್ ಭಾಗ ಮುಂದಿತ್ತು, 17ನೇ ಬಾರ್‌ನಿಂದ ಮೈನರ್ ಭಾಗ ಮುಂದೆ ಬಂದು ಮೇಜರ್ ಭಾಗ ಆಮೇಲೆ ಬರುತ್ತದೆ, ಅಂದರೆ ಅವೇ ಕಾರ್ಡುಗಳು ಹಿಂದುಮುಂದು. ಎಲ್ಲವೂ ಗುರುತಿನ ಮುಖಗಳೇ, ಅದಕ್ಕೇ ಬೀದಿ ಯಾವುದು ಅಂತ ಗೊತ್ತಾಗುವುದಿಲ್ಲ. ಹೊಸಬರ ಟೇಕುಗಳಲ್ಲಿ, ಅಂದರೆ ಒಂದೇ ಉಸಿರಿಗೆ ನುಡಿಸಿದ ರೆಕಾರ್ಡಿಂಗುಗಳಲ್ಲಿ, ಹತ್ತಕ್ಕೆ ಎಂಟು ಇಲ್ಲೇ ಮುಗ್ಗರಿಸುತ್ತವೆ. ಮದ್ದು ಒಂದೇ: ಸೋಲೋ (ಟ್ಯೂನು ಬಿಟ್ಟು ಅದೇ ಕಾರ್ಡುಗಳ ಮೇಲೆ ಸ್ವಂತವಾಗಿ ಕಟ್ಟುವುದು) ನುಡಿಸುವಾಗಲೂ ಒಳಗೊಳಗೆ ಟ್ಯೂನನ್ನು ಗುನುಗುತ್ತಾ ಇರಿ. ಬಾರ್ ಎಣಿಸಿಕೊಂಡು ಕೂತರೆ ಕೈ ಕಟ್ಟುತ್ತದೆ.

ಪ್ರಶ್ನೆ: ಒಂದು ಟ್ಯೂನಿಗೆ ಮೂವತ್ತು ಟೇಕ್ ಮಾಡುತ್ತೇನೆ. ಒಂದೂ ಸರಿ ಅನ್ನಿಸುವುದಿಲ್ಲ, ಕೊನೆಗೆ ಯಾವುದನ್ನೂ ಗೆಳೆಯರಿಗೆ ಕಳಿಸುವುದಿಲ್ಲ. ಚೆನ್ನಾಗಿರುವ ತುಣುಕುಗಳನ್ನು ಕತ್ತರಿಸಿ ಜೋಡಿಸಿದರೆ ತಪ್ಪಾ? (ಹರಿಹರ)

ಉತ್ತರ: ತಪ್ಪೇನಲ್ಲ, ಸುಮ್ನೆ ದಂಡ. ಮೂವತ್ತರ ಪೈಕಿ ಮೂರನೆಯದನ್ನು ತೆಗೆದು ಕೇಳಿ. ಅದೇ ಚೆನ್ನಾಗಿರುತ್ತದೆ. ಇಪ್ಪತ್ತರ ಮೇಲೆ ನುಡಿಸುವುದೆಲ್ಲ ತಪ್ಪು ಮಾಡಬಾರದು ಅಂತ ನುಡಿಸುವುದು, ಅದರಲ್ಲಿ ತಪ್ಪೂ ಇರುವುದಿಲ್ಲ, ಜೀವವೂ ಇರುವುದಿಲ್ಲ. ನಮ್ಮಲ್ಲಿ ಲೆಕ್ಕ ಹೀಗಿದೆ: ಮೂರು ಟೇಕ್, ಅದರಲ್ಲಿ ಒಂದು ತರಬೇಕು, ಜೋಡಿಸಿದ್ದು ನಡೆಯುವುದಿಲ್ಲ. ಪಿಯಾನೋದ ಬಿಲ್ ಇವಾನ್ಸ್ ಇನ್ನಿಬ್ಬರ ಜೊತೆ 1959ರ ಡಿಸೆಂಬರಿನಲ್ಲಿ ಇದೇ ಆಟಮ್ ಲೀವ್ಸ್ ರೆಕಾರ್ಡ್ ಮಾಡಿದರು, ಆಲ್ಬಂ ಹೆಸರು ಪೋರ್ಟ್ರೇಟ್ ಇನ್ ಜಾಝ್. ಅದರ ಸಿಡಿಯಲ್ಲಿ ಈ ಟ್ಯೂನಿನ ಎರಡು ಟೇಕ್ ಇವೆ. ಒಂದಾದ ಮೇಲೊಂದು ಕೇಳಿ. ಅದೇ ಮೂವರು, ಅದೇ ಟ್ಯೂನು, ಆದರೆ ಒಂದರ ಹಾಗೆ ಇನ್ನೊಂದಿಲ್ಲ. ಇದರಲ್ಲಿ ಸರಿಯಾದದ್ದು ಯಾವುದು ಅಂತ ನನಗೊಂದು ಕಾಗದ ಬರೆಯಿರಿ, ಆಮೇಲೆ ನಿಮ್ಮ ಮೂವತ್ತರ ಬಗ್ಗೆ ಮಾತಾಡೋಣ.

ಪ್ರಶ್ನೆ: ಜಾಝ್‌ಗೆ ದೊಡ್ಡ ಹೊಟ್ಟೆಯ ಟೊಳ್ಳು ಗಿಟಾರೇ ಬೇಕಾ? ತುಂಬಾ ದುಡ್ಡು ಹೇಳುತ್ತಾರೆ. (ಜಗಳೂರು)

ಉತ್ತರ: ಬೇಡ. ಕೆನಡಾದ ಜಾಝ್ ಗಿಟಾರಿಗ ಎಡ್ ಬಿಕರ್ಟ್ ಟೆಲಿಕಾಸ್ಟರಿನಲ್ಲಿ ನುಡಿಸಿದ್ದಾರೆ, ಅದರದ್ದು ಗಟ್ಟಿ ಮರದ ಹಲಗೆ. ನಿಮ್ಮ ಗಿಟಾರಿನಲ್ಲಿ ಟೋನ್ ತಿರುಪು ಇದ್ದರೆ ಅರ್ಧಕ್ಕೆ ಇಳಿಸಿ. ಮುಂದಿನ ಪ್ರಶ್ನೆ.

ಪ್ರಶ್ನೆ: ನನ್ನ ಗೆಳೆಯ ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತವನು. ಆಟಮ್ ಲೀವ್ಸ್ ಕೇಳಿ, "ಇದರಲ್ಲೇನಿದೆ, ಕೀರವಾಣಿ ಅಷ್ಟೇ" ಅಂದ. ಅದೇ ರಾಗದಲ್ಲಿ ಒಂದು ಟೇಕ್ ಮಾಡಿ ಕಳಿಸಿದ. ಚೆನ್ನಾಗಿತ್ತು, ಆದರೆ ಎಲ್ಲೋ ಹೊಂದಲಿಲ್ಲ. ಎಲ್ಲಿ ಅಂತ ಹೇಳಲು ನನಗೆ ಬರಲಿಲ್ಲ, ಮಾತಿಗೆ ಮಾತು ಬೆಳೆಯಿತು. ಈಗ ಹದಿನೈದು ದಿನದಿಂದ ಮಾತಿಲ್ಲ. (ಚಿತ್ರದುರ್ಗ)

ಉತ್ತರ: ಮೊದಲು ಫೋನ್ ಮಾಡಿ ಮಾತಾಡಿ. ನಿಮ್ಮ ಗೆಳೆಯ ಹೇಳಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಜಿಯನ್ನು ಷಡ್ಜ ಅಂತ ಇಟ್ಟುಕೊಳ್ಳಿ. ಶುರುವಿನ ನಾಲ್ಕು ಬಾರಿನ ಸ್ವರಗಳನ್ನು ಜೋಡಿಸಿದರೆ ಸಿಗುವುದು ನಠಭೈರವಿ, 20ನೇ ಮೇಳ (ಮೇಳ ಅಂದರೆ ಏಳೂ ಸ್ವರದ ಮೂಲ ರಾಗ). ಹಿಂದೂಸ್ತಾನಿಯವರಾದರೆ ಅಸಾವರಿ ಥಾಟ್ ಅನ್ನುತ್ತಾರೆ. ಡಿ ಸೆವೆನ್ ಬಂದಾಗ ನಿಷಾದ ಮೇಲೇರಿ ಕಾಕಲಿಯಾಗುತ್ತದೆ, ಆಗ ಅದು 21ನೇ ಮೇಳ, ನಿಮ್ಮ ಗೆಳೆಯನ ಕೀರವಾಣಿ. ಇಲ್ಲಿಗೆ ಮುಗಿಯಲಿಲ್ಲ. ಮೊದಲ ಎಂಟು ಬಾರಿನ ಕೊನೆಯ ಎತ್ತುಗಡೆಯಲ್ಲಿ ಟ್ಯೂನು ಪಂಚಮದಿಂದ ಹತ್ತುವಾಗ ಧೈವತವನ್ನೂ ಮೇಲೆತ್ತಿಕೊಂಡೇ ಹತ್ತುತ್ತದೆ. ಚತುಶ್ರುತಿ ಧೈವತ, ಕಾಕಲಿ ನಿಷಾದ. ಅದು ಗೌರಿಮನೋಹರಿಯ ದಾರಿ, 23ನೇ ಮೇಳ. ಎಂಟು ಬಾರಿನಲ್ಲಿ ಮೂರು ಮನೆ ಸುತ್ತಿ ಬಂದ ಹಾಗಾಯಿತು, ಗೆಳೆಯ ಒಂದೇ ಮನೆಯಲ್ಲಿ ಕೂತು ಪೂರ್ತಿ ಟೇಕ್ ಮುಗಿಸಿದ್ದಾನೆ. ಮೊದಲ ನಾಲ್ಕು ಬಾರಿನಲ್ಲಿ ಅವನ ಕಾಕಲಿ ನಿಷಾದ ಎಫ್ ಸೆವೆನ್ ಮೇಲೆ ಬಿದ್ದಿರುತ್ತದೆ. ನಿಮ್ಮ ಕಿವಿಗೆ ಚುಚ್ಚಿದ್ದು ಅದೇ ಇರಬೇಕು.

ಇನ್ನೊಂದಿದೆ, ಅದು ಇನ್ನೂ ದೊಡ್ಡದು. ತಂಬೂರಿಯನ್ನು ಜಿಗೆ ಹಚ್ಚಿಟ್ಟು ಮೊದಲ ಮೂರು ಕಾರ್ಡು ನುಡಿಸಿ ನೋಡಿ. ಮೂರನೆಯದಕ್ಕೆ ಬಂದಾಗ ಕಿವಿ ಬಿ ಫ್ಲಾಟನ್ನೇ ಮನೆ ಅಂದುಕೊಳ್ಳುತ್ತದೆ, ತಂಬೂರಿ ಮಾತ್ರ ನೆಂಟರ ಮನೆಯಲ್ಲಿ ಕೂತಿರುತ್ತದೆ. ನಠಭೈರವಿಯ ಗಾಂಧಾರಕ್ಕೆ ಷಡ್ಜ ಇಟ್ಟು ಗ್ರಹಭೇದ (ಸ್ವರ ಅವೇ, ಷಡ್ಜದ ಜಾಗ ಮಾತ್ರ ಬೇರೆ) ಮಾಡಿದರೆ ಶಂಕರಾಭರಣ ಬರುತ್ತದಲ್ವಾ? ಅದೇ ಇದು. ಕಛೇರಿಯಲ್ಲಿ ವಿದ್ವಾಂಸರು ಒಂದು ನಿಮಿಷ ಗ್ರಹಭೇದ ಮಾಡಿದರೆ ಜನ ತಲೆದೂಗುತ್ತಾರೆ. ಜಾಝಿನವರು ನಾಲ್ಕು ಬಾರ್‌ಗೊಮ್ಮೆ ಅದನ್ನೇ ಮಾಡಿಕೊಂಡು ಓಡಾಡುತ್ತಾರೆ. ನಿಮ್ಮ ಗೆಳೆಯನಿಗೆ ಈ ಪದದಲ್ಲೇ ಹೇಳಿ. ನೀವು ಕಾರ್ಡಿನ ಹೆಸರಿನಲ್ಲಿ ಹೇಳಿರುತ್ತೀರಿ, ಅವನಿಗೆ ಅದು ಸೊಕ್ಕಿನ ಮಾತಾಗಿ ಕೇಳಿಸಿರುತ್ತದೆ.

ಹಾಗಂತ ಅವನ ಟೇಕನ್ನು ತಳ್ಳಿಹಾಕಬೇಡಿ. ಆಶುವಾಗಿ ಕಲ್ಪನಾಸ್ವರ ಹಾಕಿ ಅಭ್ಯಾಸ ಇದ್ದವರಿಗೆ ಎಡುಪಿಗೆ, ಅಂದರೆ ಹಾಡು ಎತ್ತಿಕೊಂಡ ಜಾಗಕ್ಕೆ, ಸರಿಯಾಗಿ ಬಂದು ಇಳಿಯುವುದು ರಕ್ತದಲ್ಲಿರುತ್ತದೆ. 32 ಬಾರ್ ಅಂದರೆ 128 ಎಣಿಕೆ, ಎಂಟು ಎಣಿಕೆಯ ಆದಿತಾಳದ 16 ಆವರ್ತನ. ನಾವು ಐದು ಜನ ಎರಡು ವರ್ಷ ಒದ್ದಾಡಿದ್ದು ಅವನಿಗೆ ಒಂದು ಸಂಜೆಯಲ್ಲಿ ಬಂದುಬಿಡಬಹುದು. ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ, ಏನು ಮಾಡೋದು.

ಪ್ರಶ್ನೆ: ಬಾಡಿಗೆ ಮನೆ. ರಾತ್ರಿ ಹತ್ತರ ಮೇಲೇ ನನಗೆ ಬಿಡುವು. ಕೆಳಗಿನ ಮನೆಯವರು ಈಗಾಗಲೇ ಎರಡು ಸಲ ಬಾಗಿಲು ಬಡಿದಿದ್ದಾರೆ. (ಪಿ.ಜೆ. ಬಡಾವಣೆ, ದಾವಣಗೆರೆ)

ಉತ್ತರ: ಪಿಕ್ (ತಂತಿ ಮೀಟುವ ಬಿಲ್ಲೆ) ಬಿಟ್ಟು ಹೆಬ್ಬೆರಳಿನಲ್ಲಿ ನುಡಿಸಿ. ಜಾಝ್ ಗಿಟಾರಿನ ವೆಸ್ ಮಾಂಟ್ಗೊಮೆರಿ ಕೂಡ ದುಡಿದು ಬಂದು ರಾತ್ರಿ ಅಭ್ಯಾಸ ಮಾಡುತ್ತಿದ್ದವರು, ಅಕ್ಕಪಕ್ಕದವರಿಗೆ ತೊಂದರೆ ಆಗದಿರಲಿ ಅಂತ ಹೆಬ್ಬೆರಳಿಗೆ ಇಳಿದರು. ಆ ಮೆತ್ತನೆ ಸದ್ದೇ ಕೊನೆಗೆ ಅವರ ಗುರುತಾಯಿತು. ಕೆಳಗಿನ ಮನೆಯವರಿಗೆ ಒಂದು ದಿನ ಬೆಣ್ಣೆ ದೋಸೆಯನ್ನೂ ಕಟ್ಟಿಸಿಕೊಂಡು ಹೋಗಿ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಯಾರು ಏನು ನುಡಿಸಿದರೂ "ಸೂಪರ್ ಗುರು" ಅನ್ನುತ್ತಾರೆ. ಒಬ್ಬರಿಗೆ ನಾನು ನಿಜ ಹೇಳಿದೆ, "ನಿಮ್ಮದು ಸ್ವಿಂಗ್ ಆಗ್ತಿಲ್ಲ ಸರ್" ಅಂತ. ಅವರು ಬರುವುದನ್ನೇ ಬಿಟ್ಟರು. ನಾನು ಮಾಡಿದ್ದು ತಪ್ಪಾ? (ದಾವಣಗೆರೆ)

ಉತ್ತರ: ಹೇಳಿದ್ದು ತಪ್ಪಲ್ಲ, ಹೇಳಿದ ಮಾತು ಕೆಲಸಕ್ಕೆ ಬಾರದ್ದು. ಸ್ವಿಂಗ್ (ಜಾಝಿನ ಆ ತೂಗಾಡುವ ಲಯ) ಆಗುತ್ತಿಲ್ಲ ಅಂದರೆ ಅವರು ಮನೆಗೆ ಹೋಗಿ ಏನು ಸರಿ ಮಾಡಬೇಕು? ಅಡುಗೆಯಲ್ಲಿ ರುಚಿ ಇಲ್ಲ ಅಂದ ಹಾಗಾಯಿತು. ಉಪ್ಪು ಕಮ್ಮಿ ಅನ್ನಿ, ಹಾಕಿಕೊಳ್ಳುತ್ತಾರೆ.

ನನ್ನ ಕಥೆ ಕೇಳಿ. ಕೂಟ ಶುರುವಾದ ಹೊಸತು. ಹಿನ್ನೆಲೆ ವಾದ್ಯ ಇಲ್ಲದೆ, ತಾಳ ಹೊಡೆಯುವ ಮೆಟ್ರೊನೋಮೂ ಇಲ್ಲದೆ ಒಬ್ಬನೇ ಆ 32 ಬಾರನ್ನು ನಾಲ್ಕು ಸುತ್ತು ನುಡಿಸಿ ತಗೊಂಡು ಹೋಗಿದ್ದೆ. ಬಹಳ ಚೆನ್ನಾಗಿ ಬಂದಿದೆ ಅಂತ ನನಗೆ ಖಾತ್ರಿ. ನಮ್ಮಲ್ಲೊಬ್ಬರು ಗ್ಯಾರೇಜ್ ಇಟ್ಟಿದ್ದಾರೆ, ಜಾಸ್ತಿ ಮಾತಾಡುವವರಲ್ಲ. ಪೂರ್ತಿ ಕೇಳಿದರು, ಮೊಬೈಲ್ ನೋಡಿದರು, "ಅಣ್ಣ, ಮೊದಲನೇ ಸುತ್ತು 64 ಸೆಕೆಂಡ್, ಕೊನೇದು 52. ಬಸ್ಸಿಗೆ ಹೊತ್ತಾಗಿತ್ತಾ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ, ಮನೆಗೆ ಬಂದು ಲೆಕ್ಕ ಹಾಕಿದೆ. ನಿಮಿಷಕ್ಕೆ 120 ಎಣಿಕೆಯಲ್ಲಿ ಹೊರಟವನು 148ರ ಹತ್ತಿರ ಬಂದು ನಿಂತಿದ್ದೆ. ಅದು ನನಗೆ ಕಿಂಚಿತ್ತೂ ತಿಳಿದಿರಲಿಲ್ಲ. ಬೇಜಾರೂ ಆಗಲಿಲ್ಲ, ಏಕೆಂದರೆ ಅವರು ಬೈದಿರಲಿಲ್ಲ, ಎಣಿಸಿದ್ದರು. ಅವತ್ತಿನಿಂದ ಮೆಟ್ರೊನೋಮನ್ನು 60ಕ್ಕೆ ಇಟ್ಟು, ಆ ಟಕ್ ಅನ್ನುವುದು ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಬೀಳುವ ಹಾಗೆ ಕೂತು ನುಡಿಸುತ್ತೇನೆ. ಮೊದಲ ವಾರ ನರಕ. ಆಮೇಲೆ ನೀವು ಹೇಳುವ ಆ ಸ್ವಿಂಗು ತಾನಾಗಿ ಇಣುಕತೊಡಗುತ್ತದೆ.

ಈಗ ನಮ್ಮ ಕೂಟದ ರೂಢಿ ಏನೆಂದರೆ, ಟೇಕ್ ಎರಡು ಸಲ ಕೇಳುವ ತನಕ ಯಾರೂ ಬಾಯಿ ಬಿಡುವಂತಿಲ್ಲ, ನುಡಿಸಿದವರು ಮೊದಲೇ "ನೆಗಡಿ ಇತ್ತು, ತಂತಿ ಹಳೇದು" ಅಂತ ಪೀಠಿಕೆ ಹಾಕುವಂತಿಲ್ಲ, ಹೇಳುವವರು ಬಾರ್ ನಂಬರ್ ಹೇಳಿಯೇ ಹೇಳಬೇಕು. "ಎರಡನೇ ಸುತ್ತು, 17ನೇ ಬಾರು, ಅಲ್ಲಿ ಒಂದು ಬಾರ್ ಮುಂಚೆ ಹೋದಿರಿ." ಹೊಗಳುವುದಕ್ಕೂ ಅದೇ. ಸುಮ್ನೆ ಸೂಪರ್ ಅಂದವರು ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಕೊಡಿಸಬೇಕು. ಕಳೆದ ಮಳೆಗಾಲದಲ್ಲಿ ಒಬ್ಬರು ಬೇಕಂತಲೇ ಮೂರು ಸಲ ಸೂಪರ್ ಅಂದರು, ಅವರಿಗೆ ಹಸಿವಾಗಿತ್ತು.

ಇನ್ನೊಂದು ಗಮನಿಸಿ. ನಿಮ್ಮ ಗುಂಪಿನಲ್ಲಿ ಎಲ್ಲರೂ ಲೀಡೇ ನುಡಿಸುತ್ತಿದ್ದೀರಾ? ಹಾಗಿದ್ದರೆ ಒಂದು ತಿಂಗಳು ಬರೀ ರಿದಮ್ ಟೇಕ್ ಮಾಡಿ, ಅಂದರೆ ಕಾರ್ಡು ಬಾರಿಸುತ್ತಾ ಲಯ ಹಿಡಿಯುವುದು ಮಾತ್ರ. ಗಿಟಾರಿನ ಫ್ರೆಡ್ಡಿ ಗ್ರೀನ್ 1937ರಲ್ಲಿ ಪಿಯಾನೋದ ಕೌಂಟ್ ಬೇಸಿಯ ಜಾಝ್ ಬ್ಯಾಂಡ್ ಸೇರಿದವರು, ಹತ್ತಿರ ಹತ್ತಿರ ಐವತ್ತು ವರ್ಷ ಬಾರ್‌ಗೆ ನಾಲ್ಕು ಪೆಟ್ಟಿನ ಹಾಗೆ ರಿದಮ್ ನುಡಿಸಿಕೊಂಡೇ ಇದ್ದರು. ರಿದಮ್ಮಿನಲ್ಲಿ ಅಡಗಿಕೊಳ್ಳಲು ಜಾಗವಿಲ್ಲ. ಆ ಸರ್ ಮತ್ತೆ ಬರಬೇಕಾದರೆ ಅವರ ಮನೆಗೆ ನೀವೇ ಹೋಗಿ, ನಿಮ್ಮದೇ ಒಂದು ಕೆಟ್ಟ ಟೇಕ್ ಕೇಳಿಸಿ, ಎಲ್ಲಿ ಎಡವಿದ್ದೇನೆ ಹೇಳಿ ಅನ್ನಿ.

ಪ್ರಶ್ನೆ: ನಾನು ಗೃಹಿಣಿ, ನಲವತ್ತರ ಮೇಲೆ ಗಿಟಾರ್ ಹಿಡಿದವಳು. ಸೋಲೋ ಅಭ್ಯಾಸ ಮಾಡುವಾಗ ನಮ್ಮತ್ತೆ ಹತ್ತು ನಿಮಿಷ ಕೇಳಿ, "ಹಾಡು ಯಾವಾಗ ಶುರು ಮಾಡ್ತೀಯಮ್ಮ?" ಅನ್ನುತ್ತಾರೆ. ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ. (ಹೊಳಲ್ಕೆರೆ)

ಉತ್ತರ: ಮೇಡಂ, ನಮ್ಮ ಕೂಟಕ್ಕೆ ನಿಮ್ಮತ್ತೆಯವರನ್ನೇ ಕಳಿಸಿಕೊಡಿ. ನಾವು ಐದು ಜನ ಕೇಳದೆ ಬಿಟ್ಟ ಪ್ರಶ್ನೆ ಅದು. ಮೊದಲ ಸುತ್ತಿನಲ್ಲಿ ಟ್ಯೂನನ್ನು ಏನೂ ಸೇರಿಸದೆ, ಹಾಡಿದ ಹಾಗೆ ನುಡಿಸಿ. ನಾಲ್ಕೈದು ದಿನ ಬರೀ ಅದನ್ನೇ ನುಡಿಸಿ, ಅವರು ಹೂ ಕಟ್ಟುತ್ತಲೋ ಅಕ್ಕಿ ಆರಿಸುತ್ತಲೋ ಕೂತಿರುವಾಗ. ಅವರ ಬಾಯಿಗೆ ಟ್ಯೂನು ಹತ್ತುತ್ತದೆ, ಗುನುಗಲು ಶುರು ಮಾಡುತ್ತಾರೆ. ಆಮೇಲೆ ಸೋಲೋಗೆ ಹೋಗಿ. ಅವರ ಗುನುಗು ಎಲ್ಲಿ ನಿಂತಿತು ನೋಡಿಕೊಳ್ಳಿ, ಆ ಬಾರ್ ನಂಬರ್ ಬರೆದಿಡಿ. ಮುಂದಿನ ಪತ್ರದಲ್ಲಿ ಅದನ್ನು ತಿಳಿಸಿ. ನನಗೆ 17 ಅಂತ ಅನುಮಾನ.